ಐಪಿ ಹಾಕೋ ಮುಂಚೆ ನಾನು ಮಾಡಿದ್ದು, ಮಾಡದೇ ಬಿಟ್ಟಿದ್ದು

2021ರ ಆಗಸ್ಟ್‌ನಲ್ಲಿ ಒಂದು ದಿನ, ದಾನಪತ್ರದ ಕರಡು ಹಿಡಿದುಕೊಂಡು ವಕೀಲರ ಮುಂದೆ ಕೂತಿದ್ದೆ. ದಾವಣಗೆರೆ ಹೊರಗೆ ನನ್ನ ಹೆಸರಲ್ಲಿ ಒಂದು ಸೈಟ್ ಇತ್ತು. ಅದನ್ನು ಬಾಮೈದನ ಹೆಸರಿಗೆ ಮಾಡಿಬಿಡೋದು, ಆಮೇಲೆ ಕೋರ್ಟಿಗೆ ಹೋಗಿ ಐಪಿ, ಅಂದರೆ ಸಾಲ ತೀರಿಸೋಕಾಗಲ್ಲ, ದಿವಾಳಿ ಅಂತ ಘೋಷಿಸಿ ಅನ್ನೋ ಅರ್ಜಿ, ಹಾಕೋದು ಅಂತ ಲೆಕ್ಕ. ಸಾಲಗಾರನಿಗೆ ಊರಲ್ಲಿ ಬುದ್ಧಿ ಹೇಳುವವರು ಬಹಳ ಜನ. ಅವರೆಲ್ಲ ಹೇಳಿಕೊಟ್ಟಿದ್ದು ಇದನ್ನೇ.

ವಕೀಲರು ಓದಿ, ಮಡಚಿ ವಾಪಸ್ ಕೊಟ್ಟರು. "ರಿಜಿಸ್ಟರ್ ಆಗಿದೆಯೇನಪ್ಪಾ?"

"ಇನ್ನೂ ಇಲ್ಲ ಸಾರ್."

"ಹಂಗಾದ್ರೆ ಬಚಾವಾದೆ."

ನಾನು ಸ್ಕೂಲ್ ಯೂನಿಫಾರ್ಮ್ ಹೊಲಿಸುತ್ತಿದ್ದೆ. ನಿಟ್ಟುವಳ್ಳಿ ಕಡೆ ಒಂದು ಶೆಡ್, ಆರು ಮಷಿನ್, ಐದು ಜನ ಕೆಲಸದವರು. ಆರನೇ ಮಷಿನ್‌ಗೆ ನಾನೇ ಕೂರುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಥಾನುಗಟ್ಟಲೆ ಬಟ್ಟೆ ಉದ್ರಿಗೆ ತಂದು ಹಾಕಿಕೊಂಡಿದ್ದೆ. ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ ಸಾಲದ ಮೇಲೆ ಸಾಲ ಮಾಡಿದೆ. ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಶಾಲೆಗೆ ಬಂದಿದ್ದು 2021ರ ಅಕ್ಟೋಬರ್ ಕೊನೆಗೆ. ಅಷ್ಟರಲ್ಲಿ ನನ್ನ ಸಾಲ 31 ಲಕ್ಷ. ಮನೆ ಅಡವಿಟ್ಟು ಬ್ಯಾಂಕಿನಿಂದ ತಂದಿದ್ದು 12. ಉಳಿದ 19 ಲಕ್ಷ ಬಟ್ಟೆ ಅಂಗಡಿ, ಕ್ರೆಡಿಟ್ ಕಾರ್ಡ್, ಬಡ್ಡಿಯವರು, ಸ್ನೇಹಿತರು.

ವಕೀಲರು ಮೊದಲು ಬಿಡಿಸಿ ಹೇಳಿದ್ದು ಕಾನೂನು ಯಾವುದು ಅಂತ. 2016ರ ಹೊಸ ದಿವಾಳಿ ಕಾನೂನು ಅಂತ ಪೇಪರಲ್ಲಿ ಓದಿದ್ದೆ. ಆದರೆ ಅದರಲ್ಲಿ ವ್ಯಕ್ತಿಗಳ ಭಾಗ ಜಾರಿಯಾಗಿರೋದು ಕಂಪನಿ ಸಾಲಕ್ಕೆ ಜಾಮೀನು ಹಾಕಿದವರಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ನನ್ನಂಥವನಿಗೆ ಇವತ್ತಿಗೂ 1920ರ ಪ್ರಾವಿನ್ಸಿಯಲ್ ಇನ್ಸಾಲ್ವೆನ್ಸಿ ಆಕ್ಟೇ ಗತಿ. 500 ರೂಪಾಯಿ ಸಾಲ ಇದ್ದು ತೀರಿಸೋಕೆ ಆಗದಿದ್ದರೂ ಅರ್ಜಿ ಹಾಕಬಹುದು ಅಂತ ಅದರಲ್ಲಿದೆ. ಆ ಕಾಲದ 500 ಅಂದ್ರೆ ಎಷ್ಟಿರಬೇಕು, ಅಲ್ವಾ?

ಇನ್ನು ದಾನಪತ್ರದ ವಿಷಯ. ಬೆಲೆ ಪಡೆಯದೆ ಆಸ್ತಿ ಬರೆದುಕೊಟ್ಟು, ಎರಡು ವರ್ಷದೊಳಗೆ ಹಾಕಿದ ಅರ್ಜಿಯ ಮೇಲೆ ದಿವಾಳಿ ಅಂತ ಘೋಷಣೆಯಾದರೆ, ಆ ಪತ್ರಕ್ಕೆ ರಿಸೀವರ್ (ದಿವಾಳಿಯಾದವನ ಆಸ್ತಿ ವಹಿಸಿಕೊಂಡು ಸಾಲ ಕೊಟ್ಟವರಿಗೆ ಹಂಚೋಕೆ ಕೋರ್ಟ್ ನೇಮಿಸುವವರು) ಮುಂದೆ ಕಿಮ್ಮತ್ತಿಲ್ಲ. "ದುಗ್ಗಮ್ಮನ ಜಾತ್ರೆಯಿಂದ ಜಾತ್ರೆಗೆ ಎಷ್ಟು ದಿನವೋ ಅಷ್ಟು ದಿನ ಹಿಂದಕ್ಕೆ ನೋಡ್ತಾರೆ" ಅಂದರು ವಕೀಲರು. ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಎರಡು ವರ್ಷ ಸುಮ್ನೆ ಕಾದರೆ ಆಯ್ತಲ್ಲ ಅಂದೆ. ಸಾಲ ಕೊಟ್ಟವರಿಗೆ ಟೋಪಿ ಹಾಕೋಕೆ ಬರೆದುಕೊಟ್ಟಿದ್ದು ಅಂತ ತೋರಿಸಿದರೆ ಆಸ್ತಿ ವರ್ಗಾವಣೆ ಕಾನೂನಿನ 53ನೇ ಸೆಕ್ಷನ್ ಬೇರೆ ಇದೆಯಂತೆ. ಜೊತೆಗೆ ಬಾಮೈದನೂ ಕೋರ್ಟ್ ಅಲೆಯಬೇಕು. ಕರಡನ್ನು ಅಲ್ಲೇ ಹರಿದೆ.

"ಬಚ್ಚಿಡೋದು ಬಿಡು. ಕಾನೂನೇ ನಿನಗೆ ಏನೇನು ಬಿಟ್ಟಿದೆ ಅದನ್ನು ಬರಕೋ" ಅಂದರು. ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಸೆಕ್ಷನ್. ಅಲ್ಲಿ ಜಪ್ತಿಯಿಂದ ಹೊರಗಿಟ್ಟಿದ್ದು ಐಪಿಯಲ್ಲೂ ಹೊರಗೇ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಧರ್ಮದ ರೂಢಿ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಅಂದರೆ ನಮ್ಮಲ್ಲಿ ತಾಳಿ. ಜೀವವಿಮೆಯ ಹಣ, ಪ್ರಾವಿಡೆಂಟ್ ಫಂಡ್, ಪಿಪಿಎಫ್. ಸಂಬಳದಲ್ಲಿ ಮೊದಲ 1000 ರೂಪಾಯಿ, ಉಳಿದಿದ್ದರಲ್ಲಿ ಮೂರರಲ್ಲಿ ಎರಡು ಪಾಲು. ರೈತನಾದರೆ ನೇಗಿಲು, ಎತ್ತು, ಬಿತ್ತನೆ ಬೀಜ, ವಾಸದ ಮನೆ. ಕಸುಬಿನವನಾದರೆ ಕಸುಬಿನ ಸಾಮಾನು.

ಇದನ್ನು ಕೇಳಿ ನನಗೆ ಆರೂ ಮಷಿನ್ ಉಳಿದವು ಅಂತ ಖುಷಿಯಾಯಿತು. ವಕೀಲರು ತಲೆ ಅಲ್ಲಾಡಿಸಿದರು. ಕೈಯಾರೆ ದುಡಿಯುವ ಕಸುಬುದಾರನಿಗೆ ಈ ರಿಯಾಯಿತಿ. ಕೂಲಿಯವರನ್ನು ಕೂರಿಸಿ ಹೊಲಿಸುವ ಮಷಿನ್ ಬಂಡವಾಳ. ನಾನು ಕೂರುವ ಒಂದನ್ನು ಕೇಳೋಣ, ಐದನ್ನು ಪಟ್ಟಿಗೆ ಹಾಕೋಣ ಅಂದರು. ಸಿಟ್ಟು ಬಂತು. ಆದರೆ ಆ ಒಂದಕ್ಕೆ ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆಯೂ ಅದರ ಜೊತೆಗೇ ಉಳಿದವು.

ಮನೆ ಉಳಿಯಲಿಲ್ಲ. ನಾನು ರೈತನಲ್ಲ. ರೈತನಾಗಿದ್ದರೂ ಅಡವಿಟ್ಟ ಮನೆಗೆ ಈ ರಿಯಾಯಿತಿ ಅಡ್ಡ ಬರೋದಿಲ್ಲ. ಹರಾಜಿಗೆ ಬಿಟ್ಟರೆ ಏನು ಬರುತ್ತೆ ಅಂತ ಗೊತ್ತಿದ್ದರಿಂದ ಬ್ಯಾಂಕಿಗೆ ತಿಳಿಸಿ ನಾನೇ ಮಾರುಕಟ್ಟೆ ಬೆಲೆಗೆ ಮಾರಿದೆ. 14.5 ಲಕ್ಷ ಬಂತು. ಬ್ಯಾಂಕಿನದು ತೀರಿ ಎರಡೂವರೆ ಉಳಿಯಿತು. ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ ಒಂದು ವ್ಯವಹಾರ ಇದು.

ಆ ಎರಡೂವರೆ ಲಕ್ಷ ಕೈಯಲ್ಲಿ ಇಟ್ಟುಕೊಂಡು ಸುಮ್ಮನಿರೋದೇ ಬಹಳ ಕಷ್ಟವಾಗಿದ್ದು. ಒಬ್ಬ ಸ್ನೇಹಿತ, ಜೊತೆಗೇ ಓದಿದವನು, ಪತ್ರ ಇಲ್ಲ ಬಡ್ಡಿ ಇಲ್ಲ, 80 ಸಾವಿರ ಕೈಗಡ ಕೊಟ್ಟಿದ್ದ. ಮೊದಲು ಅವನದು ಕೊಟ್ಟುಬಿಡೋಣ ಅಂತ ನನಗೂ ಹೆಂಡತಿಗೂ ಆಸೆ. ವಕೀಲರು ಬೇಡ ಅಂದರು. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬನಿಗೆ ಹೆಚ್ಚು ಅನುಕೂಲ ಮಾಡಬೇಕು ಅಂತಲೇ ಕೊಟ್ಟಿದ್ದರೆ ರಿಸೀವರ್ ಅದನ್ನು ವಾಪಸ್ ಕೇಳಬಹುದು. ಇದನ್ನು ಅವನಿಗೆ ಹೇಳೋಕೆ ಗಡಿಯಾರ ಕಂಬದ ಹತ್ತಿರ ಸಿಕ್ಕೆ. ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದ, ಮುಟ್ಟಲಿಲ್ಲ. "ಬಡ್ಡಿ ತಿನ್ನೋರ ಸಾಲಲ್ಲೇ ನನ್ನನ್ನೂ ನಿಲ್ಲಿಸ್ತೀಯೇನೋ?" ಅಂದ. ಹೌದು, ಸಾಲ ಕೊಟ್ಟವರ ಪಟ್ಟಿಯಲ್ಲಿ ಅವನದು ಒಂಬತ್ತನೇ ಹೆಸರು.

ಉಳಿದ ವಿಷಯ ಬೇಗ ಹೇಳುತ್ತೇನೆ. ಎಲ್‌ಐಸಿ ಬಾಂಡ್ ಎಲ್ಲೂ ಅಡ ಇಟ್ಟಿರಲಿಲ್ಲ, ಉಳಿಯಿತು. ಎಫ್‌ಡಿಗೆ ರಿಯಾಯಿತಿ ಇಲ್ಲ. ಹೆಂಡತಿಯ ತವರಿನ ಒಡವೆ ಅವಳ ಸ್ವಂತದ್ದು, ನನ್ನ ಪಟ್ಟಿಗೆ ಸೇರೋದೇ ಇಲ್ಲ. ಆದರೆ ಅವಳ ಹೆಸರಲ್ಲಿ ತಂದ ಸಂಘದ ಸಾಲ ನನ್ನ ಐಪಿಯಿಂದ ಮಾಫಿಯೂ ಆಗಲ್ಲ, ಅದನ್ನು ಅವಳೇ ಕಟ್ಟುತ್ತಿದ್ದಾಳೆ. ಪಿತ್ರಾರ್ಜಿತ ಜಮೀನು ಮುಟ್ಟೋಕಾಗಲ್ಲ ಅಂತ ಬಹಳ ಜನ ನಂಬಿದ್ದಾರೆ. ತಪ್ಪು, ನಮ್ಮ ಪಾಲಿಗೆ ಕೈ ಹಾಕಬಹುದು. ಡಿಸ್ಚಾರ್ಜ್, ಅಂದರೆ ಹಳೇ ಸಾಲದಿಂದ ಕೋರ್ಟ್ ಕೊಡುವ ಬಿಡುಗಡೆ, ಆಗುವ ಮುಂಚೆ ನಮಗೆ ಬರುವ ಆಸ್ತಿಯೂ ರಿಸೀವರ್‌ಗೇ ಹೋಗುತ್ತದೆ. ಚೆಕ್ ಬೌನ್ಸ್ ಕೇಸಿಗೆ ಐಪಿ ಗುರಾಣಿಯಲ್ಲ. ಬಡ್ಡಿಯವರೊಬ್ಬರು ನನ್ನ ಖಾಲಿ ಚೆಕ್ ತುಂಬಿ ಹಾಕಿದ್ದರು. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿ ಮುಗಿಸಿದ್ದು ನನ್ನ ಬಾಮೈದ, ತನ್ನ ದುಡ್ಡಲ್ಲಿ. ಸೈಟ್ ಅವನ ಹೆಸರಿಗೆ ಮಾಡಿದ್ದರೆ ಕೋರ್ಟಲ್ಲಿ ಅವನ ಪಾಡು ಏನಾಗುತ್ತಿತ್ತೋ.

2022ರಲ್ಲಿ ಅರ್ಜಿ ಹಾಕಿದೆವು. ಎರಡೂವರೆ ಲಕ್ಷ ನಗದು, ಸೈಟಿನಿಂದ 3 ಲಕ್ಷ, ಐದು ಮಷಿನ್‌ನಿಂದ 50 ಸಾವಿರ. ಒಟ್ಟು 6 ಲಕ್ಷ. ಇಲ್ಲಿ ಹಳೇ ಕಾನೂನಿನ ಒಂದು ಮಾತು ಕಾಡಿತು. ಅಡವಿಲ್ಲದ ಸಾಲಕ್ಕೆ ನಮ್ಮ ಆಸ್ತಿ ರೂಪಾಯಿಗೆ ಎಂಟಾಣೆಯಾದರೂ, ಅಂದರೆ ಅರ್ಧದಷ್ಟಾದರೂ, ಇರಬೇಕು. ಇಲ್ಲದಿದ್ದರೆ, ಅದು ನಮ್ಮ ತಪ್ಪಿನಿಂದ ಆದದ್ದಲ್ಲ ಅಂತ ಕೋರ್ಟಿಗೆ ಮನವರಿಕೆಯಾಗಬೇಕು. ಆಗದಿದ್ದರೆ ಪೂರ್ತಿ ಡಿಸ್ಚಾರ್ಜ್ ಸಿಗೋದಿಲ್ಲ. 19 ಲಕ್ಷಕ್ಕೆ 6 ಲಕ್ಷ ಅಂದರೆ ಐದಾಣೆ ಆಯ್ತು.

ಆಗ ಕೈಹಿಡಿದಿದ್ದು ಹೆಂಡತಿ ಬರೆದಿಟ್ಟ ಲೆಕ್ಕದ ಪುಸ್ತಕ. ಉದ್ದನೆಯ ಕೆಂಪು ರಟ್ಟಿನ ಮೂರು ಪುಸ್ತಕ, ವರ್ಷಕ್ಕೊಂದು. ಹಿಂದಿನ ಮೂರು ವರ್ಷದ ಲೆಕ್ಕ ಸರಿ ಇದೆಯಾ ಅಂತಲೂ ಕೋರ್ಟ್ ನೋಡುತ್ತದೆ. ಸೂಜಿ, ದಾರದುಂಡೆಗೆ ಕೊಟ್ಟ ಚಿಲ್ಲರೆಯೂ ಅದರಲ್ಲಿತ್ತು. 2020ರ ಮಾರ್ಚ್ ಪುಟದಲ್ಲಿ ಜಮಾ ಕಡೆ ಎರಡೇ ಸಾಲು, ಏಪ್ರಿಲ್ ಪುಟ ಪೂರಾ ಖಾಲಿ. ವಕೀಲರು ಜಡ್ಜ್ ಮುಂದೆ ಮೊದಲು ತೆರೆದಿಟ್ಟಿದ್ದು ಆ ಖಾಲಿ ಪುಟ. ದಿವಾಳಿ ಅಂತ ಗೊತ್ತಾದ ಮೇಲೆ ಹೊಸ ಉದ್ರಿ ತಂದಿಲ್ಲ, ಕಾರ್ಡ್ ಉಜ್ಜಿಲ್ಲ ಅನ್ನೋದೂ ಅದೇ ಪುಸ್ತಕದಿಂದ ಗೊತ್ತಾಯಿತು. ಡಿಸ್ಚಾರ್ಜ್ ಸಿಕ್ಕಿತು.

ಸ್ನೇಹಿತನಿಗೆ 80 ಸಾವಿರಕ್ಕೆ ಖರ್ಚು ಕಳೆದು ಬಂದಿದ್ದು 24 ಸಾವಿರ ಚಿಲ್ಲರೆ. ಆಮೇಲೆ ಫೋನ್ ಇಲ್ಲ. ಹೋದ ಜೂನ್‌ನಲ್ಲಿ ಮಗನ ಎರಡು ಪ್ಯಾಂಟ್ ಉದ್ದ ಮಾಡೋಕೆ ಕಳಿಸಿದ್ದ, ತಾನು ಬರಲಿಲ್ಲ. ಹುಡುಗ 100 ರೂಪಾಯಿ ನೋಟು ಮಷಿನ್ ಮೇಲಿಟ್ಟ. ಬೇಡ ಅಂದೆ. "ಅಪ್ಪ ಕೊಟ್ಟೇ ಬಾ ಅಂದಿದಾರೆ ಅಂಕಲ್" ಅಂತ ಬಿಟ್ಟುಹೋದ.