ಕಟ್ಟೆ ಲೆಕ್ಕ ಹಾಕಿ ಗಗನಚುಕ್ಕಿ ನೋಡಿದ್ದು

ಪೇಪರಿನಲ್ಲಿ "ಕಾವೇರಿಗೆ ನೀರು" ಅಂತ ಓದಿದ ಭಾನುವಾರವೇ ಕಾರು ಹತ್ತುವವರ ಪೈಕಿ ನಾನೂ ಇದ್ದೆ. ಹಾಗೆ ಶಿವನಸಮುದ್ರದ ಗಗನಚುಕ್ಕಿ ಜಲಪಾತಕ್ಕೆ ನಾಲ್ಕು ಸಲ ಹೋಗಿ ಮೂರು ಸಲ ಒದ್ದೆ ಬಂಡೆ ನೋಡಿಕೊಂಡು ಬಂದೆ. ಮೈಸೂರಿನಿಂದ ಬನ್ನೂರು, ಮಳವಳ್ಳಿ ಮೇಲೆ ಹೋಗಿ ಬರಲು ಹತ್ತಿರ ಹತ್ತಿರ ನೂರೈವತ್ತು ಕಿ.ಮೀ. ಪೆಟ್ರೋಲು, ತಿಂಡಿ, ಊಟ ಸೇರಿ ಸಲಕ್ಕೆ ಎರಡು ಸಾವಿರ, ಅಂದರೆ ಆರು ಸಾವಿರ ಬರೀ ಬಂಡೆಗೆ. ಆಮೇಲೆ ಜಲಾಶಯದ ಮಟ್ಟ ನೋಡಿ ದಿನ ಗೊತ್ತುಮಾಡತೊಡಗಿದೆ. "ಜಲಪಾತ ನೋಡೋಕೂ ಪಂಚಾಂಗವೇನ್ರೀ" ಅಂತ ಗೊತ್ತಿದ್ದವರು ನಕ್ಕರು. ಅಲ್ಲಿಂದೀಚೆಗೆ ಏಳು ಸಲ ಹೋಗಿದ್ದೇನೆ, ಆರು ಸಲ ತುಂಬು ನೀರು. ನಕ್ಕವರೇ ಈಗ ಜುಲೈ ಬಂದರೆ "ಯಾವತ್ತು ಹೋಗೋಣ" ಅಂತ ಫೋನ್ ಮಾಡುತ್ತಾರೆ.

ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ಗರಿಷ್ಠ ಮಟ್ಟ 124.80 ಅಡಿ, 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಎಡವಿದ್ದು ಹೊರಹರಿವಿನ ಅಂಕಿಯಲ್ಲಿ. ಆ ಅಂಕಿಯಲ್ಲಿ ಕೆಲವೊಮ್ಮೆ ನಾಲೆಗಳಿಗೆ ಬಿಟ್ಟ ನೀರೂ ಸೇರಿರುತ್ತದೆ. ವಿ.ಸಿ. ನಾಲೆಗೆ ಹೋದ ನೀರು ಮಂಡ್ಯದ ಗದ್ದೆಗೆ ಹೋಯಿತು, ನಮಗೆ ದಕ್ಕುವುದಿಲ್ಲ. ನದಿಗೆ ಎಷ್ಟು ಅನ್ನುವುದನ್ನಷ್ಟೇ ಹಿಡಿಯಬೇಕು. ಅದರಲ್ಲೂ ಶಿವನಸಮುದ್ರದಲ್ಲಿ 1902ರಿಂದ ನಡೆಯುತ್ತಿರುವ ವಿದ್ಯುದಾಗಾರಕ್ಕೆ ಮೇಲುಗಡೆಯೇ ನೀರು ತಿರುಗಿಸುತ್ತಾರೆ. ನದಿ ಸಣ್ಣದಾಗಿದ್ದರೆ ಗಗನಚುಕ್ಕಿಗೆ ಉಳಿಯುವುದು ನೂಲಿನಷ್ಟು.

ನಯಾಗರದಲ್ಲಿ ಇದು ಉಲ್ಟಾ. ಅಲ್ಲಿ ಅಮೆರಿಕ, ಕೆನಡಾ 1950ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಪ್ರವಾಸಿ ಕಾಲದ ಹಗಲಲ್ಲಿ ಜಲಪಾತಕ್ಕೆ ಕನಿಷ್ಠ 1 ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಬಿಡಲೇಬೇಕು, ಮಿಕ್ಕ ಹೊತ್ತಿನಲ್ಲಿ 50 ಸಾವಿರ. ಅಲ್ಲಿಗೆ ಹೋದಾಗ ಲೆಕ್ಕವೇ ಬೇಕಾಗಲಿಲ್ಲ, ಗಡಿಯಾರ ನೋಡಿದರೆ ಸಾಕಿತ್ತು. ಚಂದವೇನೋ ಹೌದು, ಆದರೆ ಕಾದು ಹಿಡಿದ ಖುಷಿ ಇಲ್ಲ.

ಕಟ್ಟೆ ಯಾವಾಗ ತುಂಬುತ್ತದೆ ಅನ್ನುವುದಕ್ಕೆ ಒಂದು ಸುಲಭದ ಲೆಕ್ಕ ಇದೆ. ದಿನವಿಡೀ ಹನ್ನೊಂದೂವರೆ ಸಾವಿರ ಕ್ಯೂಸೆಕ್ ಹರಿದರೆ ಸುಮಾರು 1 ಟಿಎಂಸಿ. ತುಂಬಲು 4 ಟಿಎಂಸಿ ಬಾಕಿ, ಒಳಹರಿವು 40 ಸಾವಿರ, ಹೊರಗೆ 5 ಸಾವಿರ ಅಂದುಕೊಳ್ಳಿ. ನಿಲ್ಲುವುದು 35 ಸಾವಿರ, ದಿನಕ್ಕೆ 3 ಟಿಎಂಸಿ. ಒಂದೂವರೆ ದಿನ ದಾಟುವುದರೊಳಗೆ ಗೇಟು ಎತ್ತಲೇಬೇಕು. ಮೇಲೆ ಮಡಿಕೇರಿ ಕಡೆ ಮಳೆ ಜೋರಿದ್ದು ಹಾರಂಗಿ ಕಟ್ಟೆಯಿಂದಲೂ ಬಿಡುತ್ತಿದ್ದರೆ ತುಂಬುವವರೆಗೂ ಕಾಯುವುದಿಲ್ಲ, ಮೊದಲೇ ಎತ್ತುತ್ತಾರೆ.

ಗೇಟು ಎತ್ತಿದ ದಿನ ಹೋಗಬೇಡಿ! ನನ್ನ ಮೂರು ಸೋಲಿನಲ್ಲಿ ಒಂದು ಇದೇ. ಶ್ರೀರಂಗಪಟ್ಟಣ, ತಿರುಮಕೂಡಲು, ತಲಕಾಡು ದಾಟಿ ನೀರು ಅಲ್ಲಿ ಮುಟ್ಟುವಷ್ಟರಲ್ಲಿ ನನ್ನ ಅಂದಾಜಿಗೆ ಹದಿನೆಂಟರಿಂದ ಇಪ್ಪತ್ನಾಲ್ಕು ಗಂಟೆ ಹಿಡಿಯುತ್ತದೆ. ಒಣಗಿದ ನದಿಗೆ ಮೊದಲ ಸಲ ಬಿಟ್ಟರೆ ಇನ್ನೂ ನಿಧಾನ. ಇವತ್ತು ಬೆಳಿಗ್ಗೆ ಬಿಟ್ಟರೆ ನಾಳೆ ಮಧ್ಯಾಹ್ನ, ನಾಡಿದ್ದು ಇನ್ನೂ ಒಳ್ಳೆಯದು.

ಇನ್ನೊಂದು ಸೋಲು ಬನ್ನೂರಿನ ಹತ್ತಿರದ ಸೇತುವೆಯದು. ಅಲ್ಲಿ ಕಾವೇರಿ ಬಡಕಲಾಗಿ ಕಂಡಿತು, "ನೀರೇ ಇಲ್ಲ" ಅಂತ ಗಾಡಿ ತಿರುಗಿಸಿದೆ. ಕಬಿನಿ ಸೇರುವುದು ಅದಕ್ಕೂ ಕೆಳಗೆ, ತಿ. ನರಸೀಪುರದಲ್ಲಿ. ಅವತ್ತು ಕಬಿನಿಯಿಂದ 30 ಸಾವಿರದ ಆಸುಪಾಸು ಬಿಟ್ಟಿದ್ದರು, ಗಗನಚುಕ್ಕಿ ಭೋರ್ಗರೆಯುತ್ತಿತ್ತಂತೆ. ಕಬಿನಿ ಕಟ್ಟೆ ಚಿಕ್ಕದು, ಹತ್ತೊಂಬತ್ತೂವರೆ ಟಿಎಂಸಿ. ವಯನಾಡಿನಲ್ಲಿ ನಾಲ್ಕು ದಿನ ಬಿಡದೆ ಹೊಯ್ದರೆ ಏರುವುದು ಕಣ್ಣಿಗೇ ಕಾಣುತ್ತದೆ. ಕನ್ನಂಬಾಡಿಗಿಂತ ಮೊದಲು ತುಂಬುವುದು ಸಾಮಾನ್ಯವಾಗಿ ಅದೇ, ಹಾಗಾಗಿ ವರ್ಷದ ಮೊದಲ ನೋಟ ಕಬಿನಿಯ ಕೃಪೆ. ಈಗ ಎರಡೂ ಕಟ್ಟೆಯ ಅಂಕಿ ಕೂಡಿಸಿಯೇ ಹೊರಡುವುದು.

ಕೂಡಿಸಿದ ಅಂಕಿ 10 ಸಾವಿರದೊಳಗಿದ್ದರೆ ಮನೆಯಲ್ಲೇ ಇರಿ. 25ರಿಂದ 45 ಸಾವಿರ ಹದವಾದದ್ದು: ಕವಲುಗಳು ಬೇರೆ ಬೇರೆ ಕಾಣುತ್ತವೆ, ನಡುವಿನ ಬಂಡೆ, ಗಿಡ ಎಲ್ಲ ಉಳಿದಿರುತ್ತವೆ. 80 ಸಾವಿರ ದಾಟಿದರೆ ಸದ್ದು ಎದೆಗೆ ಬಡಿಯುತ್ತದೆ, ಫೋಟೋಗೆ ಏನೂ ಸಿಗುವುದಿಲ್ಲ, ಬರೀ ಕೆಂಪು ನೀರು, ಮೇಲೆ ಹನಿಯ ಹೊಗೆ. ಹತ್ತಿರದ ಭರಚುಕ್ಕಿ ಜಲಪಾತದ ಮೆಟ್ಟಿಲ ದಾರಿಗೂ ಆಗ ಬೀಗ. ಬಿಳಿ ನೀರು ಬೇಕಾದರೆ ಮೊದಲ ಪ್ರವಾಹ ಇಳಿದು ಐದಾರು ದಿನ ಕಾಯಿರಿ, ಮಣ್ಣು ತಗ್ಗಿರುತ್ತದೆ.

ಇದೇ ಲೆಕ್ಕವನ್ನು ಜೋಗಕ್ಕೂ ಹಚ್ಚಿ ನೋಡಿದೆ, ಅರ್ಧ ಮಾತ್ರ ಹೊಂದಿತು. ಲಿಂಗನಮಕ್ಕಿ 1819 ಅಡಿ ಮುಟ್ಟುವುದನ್ನು ಕಾಯಬೇಕು, ಕಟ್ಟೆ ಜಲಪಾತಕ್ಕೆ ಹತ್ತಿರವೇ ಇರುವುದರಿಂದ ನೀರಿನ ಪ್ರಯಾಣದ ಲೆಕ್ಕ ತಲೆನೋವಲ್ಲ. ಅಲ್ಲಿ ಕೈಕೊಡುವುದು ಮಂಜು. ನೀರಿದ್ದೂ ಮೂರು ಗಂಟೆ ಬಿಳಿ ಗೋಡೆ ನೋಡುತ್ತ ಕೂತದ್ದಾಯಿತು. ಖರ್ಚು ಒಂಬತ್ತು ಸಾವಿರದ ಹತ್ತಿರ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕ್ಯಾಮೆರಾದವರಿಗೆ: ಹದವಾದ ನೀರಿಗೆ ಸೆಕೆಂಡಿನ ಆರನೇ ಒಂದು ಭಾಗದ ಶಟರ್ ಸಾಕು. ಇನ್ನೂ ನಿಧಾನ ಮಾಡಿದರೆ ಮೊಸರು ಸುರಿದ ಹಾಗಾಗುತ್ತದೆ. ಲೆನ್ಸಿನ ಮೇಲೆ ಹನಿ ಕೂರದ ಹಾಗೆ ನಾನೊಂದು ಉಪಾಯ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕನಿಷ್ಠ ನಾಲ್ಕು ಹಳೇ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ಮೂರನೆಯದು ಒದ್ದೆಯಾಗುವ ಹೊತ್ತಿಗೆ ಬಿಸಿಲು ಬರುತ್ತದೆ.