1944ರ ಜೂನ್, ಇಂಫಾಲ, ಒಂದು ಹರಿಕೇನ್: ಯುದ್ಧವಿಮಾನದ ಚಿತ್ರ ಬರೆಯುವ ಬಗೆ

ಯುದ್ಧವಿಮಾನದ ಚಿತ್ರಕ್ಕೆ ಕೂರುವವರು ಹೆಚ್ಚಾಗಿ ಮೊದಲು ವಿಮಾನವನ್ನು ಆರಿಸಿಕೊಳ್ಳುತ್ತಾರೆ. ಊರು, ತಾರೀಖು ಕೊನೆಗೆ ಹೇಗೋ ಹೊಂದಿಕೊಳ್ಳುತ್ತವೆ ಎಂದು ಬಿಟ್ಟಿರುತ್ತಾರೆ. ಚಿತ್ರ ಕೆಡುವುದು ಅಲ್ಲೇ. ರೆಕ್ಕೆಯ ಮೇಲಿನ ಗುರುತು, ನೆಲದ ಕೆಸರು, ಮೆಕ್ಯಾನಿಕ್ ತೊಟ್ಟ ಚಡ್ಡಿ, ಬೆಳಕಿನ ಬಣ್ಣ ಎಲ್ಲವನ್ನೂ ತಾರೀಖೇ ನಿರ್ಧರಿಸುತ್ತದೆ. ಹಾಗಾಗಿ ಇಲ್ಲಿ ತಾರೀಖನ್ನು ಮೊದಲೇ ಗಟ್ಟಿ ಮಾಡಿಕೊಳ್ಳೋಣ: 1944ರ ಜೂನ್ ನಡುಭಾಗ, ಇಂಫಾಲದ ಬಯಲು, ಮಳೆ ಬಿಟ್ಟ ಒಂದು ಬೆಳಗ್ಗೆ. ನಿಂತಿರುವುದು ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ (ವಿಮಾನದಳದ) ಹರಿಕೇನ್ ಎಂಬ ಬ್ರಿಟಿಷ್ ಯುದ್ಧವಿಮಾನ. ಆಗ ಸ್ಕ್ವಾಡ್ರನ್ನಿನ ಮುಖ್ಯಸ್ಥ ಅರ್ಜನ್ ಸಿಂಗ್. ಕೆಲಸ, ತಗ್ಗಿನಲ್ಲಿ ಹಾರಿ ಜಪಾನಿ ಪಡೆಗಳ ಚಲನೆ ನೋಡಿಕೊಂಡು ಬರುವುದು. ಜಪಾನಿಗಳ ಮುತ್ತಿಗೆಯಿಂದ ಕೊಹಿಮಾ ಕಡೆಯ ರಸ್ತೆ ಜೂನ್ 22ರವರೆಗೂ ಮುಚ್ಚಿತ್ತು. ಅಕ್ಕಿಯಿಂದ ಗುಂಡಿನವರೆಗೆ ಎಲ್ಲವೂ ಆಕಾಶದಿಂದಲೇ ಬರಬೇಕಿತ್ತು. ಸೀಮೆಎಣ್ಣೆ ಡಬ್ಬದಂಥ ಪೆಟ್ರೋಲ್ ಟಿನ್ನುಗಳು, ಸಾಮಾನಿನ ಪೆಟ್ಟಿಗೆಗಳು ಚಿತ್ರದೊಳಗೆ ಬರುವುದು ಈ ಕಾರಣಕ್ಕೆ, ಅಲಂಕಾರಕ್ಕಲ್ಲ.

ಸಾಮಾನು

300 ಜಿಎಸ್‌ಎಂ ಜಲವರ್ಣ ಕಾಗದ, ಎ3 ಅಳತೆ. ಗ್ವಾಷ್ ಬಣ್ಣ (ನೀರಿನಲ್ಲಿ ಕಲಸುವ, ಅಡಿಯದನ್ನು ಮುಚ್ಚುವ ದಟ್ಟ ಬಣ್ಣ), ಅದು ದುಬಾರಿ ಎನಿಸಿದರೆ ಕ್ಯಾಮೆಲ್ ಪೋಸ್ಟರ್ ಕಲರ್ ನಡೆಯುತ್ತದೆ. ಪೋಸ್ಟರ್ ಕಲರ್ ಒಣಗಿದ ಮೇಲೆ ಸೀಮೆಸುಣ್ಣದ ಹಾಗೆ ಪುಡಿ ಬಿಟ್ಟರೆ ಒಂದು ಟೀ ಚಮಚ ಬಣ್ಣಕ್ಕೆ ಒಂದೆರಡು ಹನಿ ಗೋಂದಿನ ನೀರು ಸೇರಿಸಿ. ಹೆಚ್ಚಾದರೆ ಬಣ್ಣ ಹೊಳೆಯುತ್ತದೆ, ಯುದ್ಧವಿಮಾನದ ಮಂಕು ಹೋಗಿಬಿಡುತ್ತದೆ. ಎಂಟು ಬಣ್ಣ ಸಾಕು: ಬಿಳಿ, ಕಪ್ಪು, ಯೆಲ್ಲೋ ಓಕರ್, ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನಾ, ಸ್ಯಾಪ್ ಗ್ರೀನ್, ಅಲ್ಟ್ರಾಮರೀನ್, ಪ್ರಷ್ಯನ್ ಬ್ಲೂ. ಗುಂಡು ಕುಂಚ 2 ಮತ್ತು 6, ಅರ್ಧ ಇಂಚಿನ ಚಪ್ಪಟೆ ಕುಂಚ, ಗೆರೆಗೆ ಸೊನ್ನೆ ನಂಬರಿನದು. ಮಾಸ್ಕಿಂಗ್ ಟೇಪನ್ನು ಹಚ್ಚುವ ಮುನ್ನ ಅಂಗಿಯ ತೋಳಿಗೆ ಎರಡು ಸಲ ಅಂಟಿಸಿ ತೆಗೆಯಿರಿ. ಇಲ್ಲವಾದರೆ ಕೀಳುವಾಗ ಕಾಗದದ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ.

ಅಳತೆ

ಹರಿಕೇನಿನ ರೆಕ್ಕೆಯ ಹರವು 12.19 ಮೀಟರ್, ಉದ್ದ ಸುಮಾರು 9.8 ಮೀಟರ್. 48ರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಹರವು 254 ಮಿ.ಮೀ., ಉದ್ದ 205 ಮಿ.ಮೀ. ಎ3 ಕಾಗದ 420 ಮಿ.ಮೀ. ಅಗಲವಿರುವುದರಿಂದ ಪಕ್ಕದಲ್ಲಿ ಜನ, ಗುಡಾರ, ಗುಡ್ಡಗಳಿಗೆ ಬೇಕಾದಷ್ಟು ಜಾಗ ಸಿಗುತ್ತದೆ. ಇದೇ ಲೆಕ್ಕದಲ್ಲಿ 170 ಸೆಂ.ಮೀ. ಎತ್ತರದ ಮನುಷ್ಯ 35 ಮಿ.ಮೀ. ಆಗುತ್ತಾನೆ. ವಿಮಾನದ ನಂಬರಿನ ಅಕ್ಷರಗಳ ಎತ್ತರ 8 ಇಂಚು, ಅಂದರೆ ಕಾಗದದ ಮೇಲೆ 4 ಮಿ.ಮೀ.ಗೆ ಸ್ವಲ್ಪ ಹೆಚ್ಚು. ನಾಲ್ಕು ಗ್ಯಾಲನ್ನಿನ ಪೆಟ್ರೋಲ್ ಟಿನ್ ಹೆಚ್ಚುಕಡಿಮೆ ಈಗಿನ 15 ಕಿಲೊ ಎಣ್ಣೆ ಡಬ್ಬದಷ್ಟಿರುತ್ತಿತ್ತು. ಅದಕ್ಕೆ 7 ಮಿ.ಮೀ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಿಡಿ. ಅಳತೆ ಇಲ್ಲದೆ ಬರೆದ ಚಿತ್ರಗಳಲ್ಲಿ ಸಾಮಾನ್ಯವಾಗಿ ಮನುಷ್ಯರು ದೊಡ್ಡವರಾಗಿ ವಿಮಾನ ಆಟಿಕೆಯಾಗುತ್ತದೆ.

ಪಕ್ಕದಿಂದ ನೇರವಾಗಿ ನೋಡಿದ ಚಿತ್ರಕ್ಕೆ ಇಷ್ಟೇ ಸಾಕು. ಮುಂದಿನಿಂದ ಓರೆಯಾಗಿ ನೋಡುವ ಚಿತ್ರ ಬೇಕಿದ್ದರೆ ಈ ಅಂಕಿಗಳು ಒಂದೇ ದೂರದಲ್ಲಿರುವ ವಸ್ತುಗಳಿಗೆ ಮಾತ್ರ ಹೊಂದುತ್ತವೆ. ಆಗ 1/72ರ ಪ್ಲಾಸ್ಟಿಕ್ ಮಾದರಿಯನ್ನು ಮೇಜಿನ ಮೇಲಿಟ್ಟು ಫೋಟೊ ತೆಗೆದು, ಅದನ್ನು ನೋಡಿ ಗೆರೆ ಹಾಕುವುದು ಸುಲಭದ ದಾರಿ. ಎಲ್ಲರೂ ಎಡವುವುದು ದೂರದಲ್ಲಿ. ಫೋನನ್ನು ಮಾದರಿಗೆ 10 ಸೆಂ.ಮೀ. ಹತ್ತಿರ ಹಿಡಿದರೆ ನಿಜವಾದ ವಿಮಾನದಿಂದ 7 ಮೀಟರಿಗೆ ನಿಂತು ನೋಡಿದ ಹಾಗೆ. ಮೂತಿ ಕುಂಬಳಕಾಯಿಯಾಗಿ, ಬಾಲ ಇಲಿಬಾಲವಾಗುತ್ತದೆ. 20 ಮೀಟರ್ ದೂರದ ನೋಟ ಬೇಕೆಂದರೆ ಫೋನ್ 28 ಸೆಂ.ಮೀ. ದೂರದಲ್ಲಿರಬೇಕು. ನಿಂತ ಮನುಷ್ಯನ ಕಣ್ಣೆತ್ತರಕ್ಕೆ ಲೆನ್ಸ್ ಮೇಜಿನಿಂದ ಬರೀ 2.2 ಸೆಂ.ಮೀ. ಮೇಲಿರಬೇಕು, ಹಾಗಾಗಿ ಫೋನನ್ನು ತಲೆಕೆಳಗು ಮಾಡಿ ಹಿಡಿಯುವುದು ಒಳ್ಳೆಯದು. ಹೀಗೆ ತೆಗೆದರೆ ದಿಗಂತದ ಗೆರೆ ಎಲ್ಲ ನಿಂತ ಮನುಷ್ಯರ ಕಣ್ಣಿನ ಮಟ್ಟದಲ್ಲೇ ಹಾದುಹೋಗುತ್ತದೆ. ದೂರದವನಾಗಲಿ ಹತ್ತಿರದವನಾಗಲಿ, ತಲೆ ಅದೇ ಗೆರೆಗೆ ಬರುತ್ತದೆ, ಕಾಲು ಮಾತ್ರ ಮೇಲೆ ಕೆಳಗೆ.

ಹರಿಕೇನ್ ಎಂದು ಬರೆದು, ಆ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನವಾದ ಸ್ಪಿಟ್‌ಫೈರ್ ಮಾಡಿಬಿಡುವ ತಪ್ಪೂ ಬಹಳ. ಹರಿಕೇನಿನ ಚಕ್ರಗಳು ಒಳಮುಖವಾಗಿ ಮಡಚುತ್ತವೆ, ಹಾಗಾಗಿ ಕಾಲುಗಳು ಅಗಲವಾಗಿ ನಿಂತಿರುತ್ತವೆ. ಸ್ಪಿಟ್‌ಫೈರಿನವು ಹತ್ತಿರ ಹತ್ತಿರ. ಹರಿಕೇನಿನ ರೇಡಿಯೇಟರ್ ಹೊಟ್ಟೆಯ ನಡುವೆ ನೇತಾಡುತ್ತದೆ, ಸ್ಪಿಟ್‌ಫೈರಿನದು ರೆಕ್ಕೆಯ ಕೆಳಗೆ. ಬಿಸಿನಾಡುಗಳಿಗೆ ಬಂದ ಹರಿಕೇನುಗಳ ಮೂತಿಯ ಕೆಳಗೆ ಗಲ್ಲ ಉಬ್ಬಿದಂತೆ ವೋಕ್ಸ್ ಗಾಳಿಸೋಸಕ ಇರುತ್ತಿತ್ತು, ಅದನ್ನು ಮರೆಯಬೇಡಿ. ನೆಲದ ಮೇಲೆ ನಿಂತಾಗ ಬಾಲ ಪುಟ್ಟ ಚಕ್ರದ ಮೇಲೆ ಕುಳಿತಿರುತ್ತದೆ, ಮೂತಿ ಆಕಾಶ ನೋಡುತ್ತಿರುತ್ತದೆ. ಹಾರುವ ಭಂಗಿಯನ್ನೇ ನೆಲಕ್ಕಿಳಿಸಿದ ಚಿತ್ರಗಳು ನೋಡಿದ ಕೂಡಲೇ ಗೊತ್ತಾಗುತ್ತವೆ. ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ನಿಜವಾದ ಹರಿಕೇನ್ ಇದೆ. ಬೆಂಗಳೂರಿನವರು ಅಲ್ಲಿಗೆ ಹೋಗಲಾಗದಿದ್ದರೆ ಎಚ್‌ಎಎಲ್ ಸಂಗ್ರಹಾಲಯದ ವಿಮಾನಗಳ ಮುಂದೆ ಒಂದು ಗಂಟೆ ಕೂತು, ಬಿಸಿಲು ಲೋಹದ ಹೊಟ್ಟೆಯ ಕೆಳಗೆ ಹೇಗೆ ಇಳಿಯುತ್ತದೆ ಎಂದು ನೋಡಿದರೂ ಲಾಭವಿದೆ.

ನೀಲಿಯೊಳಗೆ ನೀಲಿ

ಬ್ರಿಟಿಷ್ ವಿಮಾನವೆಂದರೆ ಕೆಂಪು ಬೊಟ್ಟಿನ ಗುಂಡು ಗುರುತು (ಯಾವ ದೇಶದ್ದೆಂದು ತೋರಿಸುವ ವೃತ್ತ) ಎಂಬುದು ಬಾಯಿಪಾಠವಾಗಿ ಹೋಗಿದೆ. ಬರ್ಮಾ ಗಡಿಯಲ್ಲಿ ಆ ಕೆಂಪು ಜೀವ ತೆಗೆಯುತ್ತಿತ್ತು. ಜಪಾನಿನ ವಿಮಾನಗಳ ಮೇಲೂ ಕೆಂಪು ಸೂರ್ಯ. ಕೆಳಗಿನಿಂದ ಅವಸರದಲ್ಲಿ ನೋಡಿದ ಬಂದೂಕುಗಾರನಿಗೆ ಕೆಂಪು ಕಂಡರೆ ಸಾಕು, ಗುಂಡು ಹಾರಿಸುತ್ತಿದ್ದ. ಇದೇ ಕಾರಣಕ್ಕೆ ಅಮೆರಿಕನ್ನರು 1942ರ ಮೇ ತಿಂಗಳಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಬೊಟ್ಟು ತೆಗೆದರು. 1944ರ ಹೊತ್ತಿಗೆ ಆಗ್ನೇಯ ಏಷ್ಯಾ ಕಮಾಂಡಿನ (ಬರ್ಮಾ ಕಡೆಯ ಮಿತ್ರಪಡೆಗಳ ಕೂಟ) ಬ್ರಿಟಿಷ್, ಭಾರತೀಯ ವಿಮಾನಗಳ ಮೇಲೆ ಉಳಿದದ್ದು ಎರಡೇ ಬಣ್ಣ: ಹೊರಗೆ ಕಡುನೀಲಿ, ಒಳಗೆ ತಿಳಿನೀಲಿ. ಬಾಲದ ಪಟ್ಟಿಯೂ ಹಾಗೆಯೇ.

ಕಡುನೀಲಿಗೆ ಪ್ರಷ್ಯನ್ ಬ್ಲೂ ಮೂರು ಪಾಲು, ಕಪ್ಪು ಅರ್ಧ ಪಾಲು, ಬಿಳಿ ಒಂದು ಪಾಲು. ತಿಳಿನೀಲಿಯನ್ನು ಬೇರೆಯಾಗಿ ಕಲಸಬೇಡಿ, ಇದೇ ಕಡುನೀಲಿಗೆ ನಾಲ್ಕೈದು ಪಾಲು ಬಿಳಿ ಸೇರಿಸಿ. ಎರಡೂ ಒಂದೇ ತಾಯಿಯ ಮಕ್ಕಳಾಗಿದ್ದರೆ ಗುರುತು ವಿಮಾನದ ಮೈಗೆ ಕೂರುತ್ತದೆ, ಇಲ್ಲವಾದರೆ ಸ್ಟಿಕ್ಕರಿನಂತೆ ಎದ್ದು ನಿಲ್ಲುತ್ತದೆ.

ಓರೆ ನೋಟದಲ್ಲಿ ಗುಂಡು ಗುರುತು ಮೊಟ್ಟೆಯಾಕಾರವಾಗುತ್ತದೆ. ಮೊಟ್ಟೆಯ ಗಿಡ್ಡ ನಡುಗೆರೆ ಆ ಮೇಲ್ಮೈಯಿಂದ ಲಂಬವಾಗಿ ಹೊರಡುವ ದಿಕ್ಕಿನಲ್ಲಿರಬೇಕು. ಪ್ರೊಪೆಲ್ಲರಿನ ವೃತ್ತಕ್ಕೂ ಇದೇ ನಿಯಮ: ಗಿಡ್ಡ ಗೆರೆ ಶಾಫ್ಟಿನ ಜೊತೆ ಸಾಗಬೇಕು. ಇದು ತಪ್ಪಿದರೆ ನೋಡುವವರಿಗೆ ಏನು ತಪ್ಪಿದೆ ಎಂದು ಹೇಳಲು ಬರದಿದ್ದರೂ ವಿಮಾನ ಸೊಟ್ಟಗಾಗಿದೆ ಎಂದು ಅನ್ನಿಸುತ್ತಲೇ ಇರುತ್ತದೆ.

ಅದೇ ಜೂನ್ ತಿಂಗಳಲ್ಲಿ ಫ್ರಾನ್ಸಿನ ನಾರ್ಮಂಡಿಯ ಮೇಲೆ ಹಾರಿದ ವಿಮಾನಗಳಿಗೆ ಬಿಳಿ-ಕಪ್ಪು ಪಟ್ಟಿ ಐದೈದು ಬಳಿದಿದ್ದರು, ಒಂಟಿ ಎಂಜಿನ್ನಿನವಕ್ಕೆ ಒಂದೊಂದೂ 18 ಇಂಚು ಅಗಲ. ‘1944ರ ಜೂನ್’ ಎಂದು ಹುಡುಕಿದರೆ ಸಿಗುವ ಫೋಟೊಗಳೆಲ್ಲ ಅವೇ. ಅವನ್ನು ಇಂಫಾಲಕ್ಕೆ ತರಬೇಡಿ. ಮೂತಿಯ ಮೇಲೆ ಶಾರ್ಕಿನ ಹಲ್ಲು ಬರೆಯುವ ಆಸೆಯನ್ನೂ ತಡೆದುಕೊಳ್ಳಿ. ಅದು ಜರ್ಮನಿಯ ಎರಡು ಎಂಜಿನ್ನಿನ ಮೆಸ್ಸರ್‌ಸ್ಮಿಟ್‌ಗಳಿಂದ ಆಫ್ರಿಕಾದ ಬ್ರಿಟಿಷ್ 112ನೇ ಸ್ಕ್ವಾಡ್ರನ್ನಿಗೆ, ಅಲ್ಲಿಂದ ಚೀನಾದಲ್ಲಿದ್ದ ಅಮೆರಿಕನ್ ಫ್ಲೈಯಿಂಗ್ ಟೈಗರ್ಸ್‌ಗೆ ಹೋದ ಚಿತ್ತಾರ. ಶತ್ರುವಿನ ಕೈಯಿಂದ ಕದ್ದು ತಂದದ್ದು ಕೊನೆಗೆ ಕದ್ದವರ ಹೆಸರಿಗೇ ಅಂಟಿಕೊಂಡಿತು.

ಬಣ್ಣ ಹಾಕುವ ಕ್ರಮ

ಮೇಲ್ಭಾಗ ಕಂದು ಮತ್ತು ಹಸಿರು, ಕೆಳಭಾಗ ಬೂದು. ಕಂದಿಗೆ ಯೆಲ್ಲೋ ಓಕರ್ ಮೂರು, ಬರ್ಂಟ್ ಅಂಬರ್ ಎರಡು, ಬಿಳಿ ಒಂದು. ಹಸಿರಿಗೆ ಸ್ಯಾಪ್ ಗ್ರೀನ್ ಮೂರು, ಬರ್ಂಟ್ ಅಂಬರ್ ಒಂದು, ಕಪ್ಪು ಕುಂಚದ ತುದಿಯಷ್ಟು. ಬೂದಿಗೆ ಬಿಳಿ ಐದು, ಕಪ್ಪು ಒಂದು, ಅಲ್ಟ್ರಾಮರೀನ್ ಚೂರು. ಇಷ್ಟಾದ ಮೇಲೆ ಮೂರಕ್ಕೂ ಹತ್ತರಲ್ಲೊಂದು ಪಾಲು ಬಿಳಿ ಸೇರಿಸಿ. ಕಾರ್ಖಾನೆಯ ಬಣ್ಣವನ್ನೇ ಯಥಾವತ್ತಾಗಿ ಹಚ್ಚಿದರೆ ಪುಟ್ಟ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಬಿಸಿಲು ಮಳೆಗೆ ನಿಜವಾದ ವಿಮಾನವೂ ಮಾಸಿರುತ್ತಿತ್ತು. ಪ್ರತಿ ಮಿಶ್ರಣವನ್ನೂ ಅದೇ ಕಾಗದದ ತುಂಡಿನ ಮೇಲೆ ಹಚ್ಚಿ, ಪೂರ್ತಿ ಒಣಗಿಸಿ ನೋಡಿ. ಗ್ವಾಷಿನಲ್ಲಿ ತಿಳಿ ಬಣ್ಣ ಒಣಗಿದಾಗ ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಹಸಿಯಲ್ಲಿ ಸರಿ ಕಂಡದ್ದು ನಂಬಿಕೆಗೆ ಅರ್ಹವಲ್ಲ.

ಆಕಾಶ, ಗುಡ್ಡ, ನೆಲ, ಆಮೇಲೆ ವಿಮಾನ. ಆಕಾಶವನ್ನು ಒದ್ದೆ ಕಾಗದದ ಮೇಲೆ ತೆಳ್ಳಗೆ ಹರಡಿ. ವಿಮಾನಕ್ಕೆ ಬಂದಾಗ ಬಣ್ಣ ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿರಲಿ. ನೀರು ಹೆಚ್ಚಾದರೆ ಎರಡನೇ ಪದರ ಮೊದಲನೆಯದನ್ನು ಕರಗಿಸಿ ಕೆಸರು ಮಾಡುತ್ತದೆ, ಕಡಿಮೆಯಾದರೆ ಒಣಗಿ ಬಿರಿಯುತ್ತದೆ. ಒಂದು ಎಳೆ ಎಳೆದ ಮೇಲೆ ಮತ್ತೆ ಅಲ್ಲಿಗೇ ಕುಂಚ ಒಯ್ದು ಉಜ್ಜಬೇಡಿ; ಪದರದ ನಡುವೆ ಕಾಲು ಗಂಟೆ ಬಿಡಿ, ಮಳೆಗಾಲವಾದರೆ ಅರ್ಧ ಗಂಟೆ. ಮೊದಲು ಮೈಯೆಲ್ಲಾ ಕಂದು, ಅದರ ಮೇಲೆ ಹಸಿರಿನ ಅಲೆ, ನಂತರ ನೆರಳು, ಕೊನೆಗೆ ಗುರುತುಗಳು. ನೆರಳಿಗೆ ಬರೀ ಕಪ್ಪು ಬಳಸಿದರೆ ವಿಮಾನ ಸುಟ್ಟಂತಾಗುತ್ತದೆ. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನ್ನಾ ಬೆರೆಸಿ.

ಹರಿಕೇನಿನ ಮೈಯಲ್ಲಿ ಎರಡು ಬಗೆಯ ಚರ್ಮವಿದೆ. ಮೂತಿ ಮತ್ತು ರೆಕ್ಕೆ ಲೋಹದ್ದು. ಚಾಲಕನ ಗೂಡಿನ ಹಿಂದಿನ ಭಾಗ ಕಟ್ಟಿಗೆಯ ಪಟ್ಟಿಗಳ ಮೇಲೆ ಬಿಗಿದ ಬಟ್ಟೆ. ಅಲ್ಲಿ ರಿವೆಟ್ ಚುಕ್ಕೆ ಇಡಬಾರದು. ಉದ್ದುದ್ದಕ್ಕೆ ಹೋಗುವ ಮೆಲ್ಲನೆಯ ಏಣುಗಳನ್ನು ಒಂದು ತಿಳಿ ಗೆರೆ, ಪಕ್ಕಕ್ಕೆ ಒಂದು ಮಂಕು ಗೆರೆಯಾಗಿ ತೋರಿಸಿ. ಬಣ್ಣ ಚಕ್ಕೆಯೆದ್ದು ಬೆಳ್ಳಿ ಮಿನುಗುವುದನ್ನು ಹಿಂಭಾಗದಲ್ಲಿ ಬರೆದವರು ಬಹಳ ಮಂದಿ. ಅಲ್ಲಿ ಲೋಹದ ಹೊದಿಕೆಯೇ ಇಲ್ಲದಿರುವಾಗ ಮಿನುಗುವುದೇನು? ಬೂಟಿನ ಕಾಲು ಬೀಳುವ ರೆಕ್ಕೆಯ ಬುಡದಲ್ಲಿ, ಎಂಜಿನ್ ಮುಚ್ಚಳದ ಅಂಚಿನಲ್ಲಿ ನಾಲ್ಕು ಚುಕ್ಕೆ ಸಾಕು. ಎಕ್ಸಾಸ್ಟಿನ ಹೊಗೆಕಲೆಯನ್ನು ಒಣ ಕುಂಚದಿಂದ ಹಿಂದಕ್ಕೆ ಎಳೆಯಿರಿ.

ನೀರು ನಿಂತ ಹೊಂಡದಲ್ಲಿ ಕಾಣುವುದು ವಿಮಾನದ ಪಕ್ಕೆಗಿಂತ ಅದರ ಹೊಟ್ಟೆ. ಹಾಗಾಗಿ ಪ್ರತಿಬಿಂಬದಲ್ಲಿ ಬೂದು ಬಣ್ಣ ಹೆಚ್ಚು ಬರಬೇಕು. ಪಕ್ಕದ ನೋಟವನ್ನೇ ತಲೆಕೆಳಗು ಮಾಡಿ ಇಟ್ಟರೆ ತಪ್ಪು.

ಸುತ್ತಲಿನ ಬದುಕು

ಹಾರುವವನೊಬ್ಬನಿಗೆ ನೆಲದಲ್ಲಿ ದುಡಿಯುವವರು ಹಲವರು. ಚಿತ್ರದಲ್ಲಿ ಅವರೇ ಹೆಚ್ಚಿರಲಿ. ಟಿನ್ನಿನಿಂದ ಪೆಟ್ರೋಲ್ ಸುರಿಯುವಾಗ ನೀರು ಹೋಗದಿರಲೆಂದು ಆಲಿಕೆಗೆ ಶಾಮಾಯಿ ಎಂಬ ಮೆತ್ತನೆಯ ತೊಗಲು ಹಾಸಿ ಸೋಸುತ್ತಿದ್ದರು. ಒಬ್ಬ ರೆಕ್ಕೆಯ ಮೇಲೆ ಮಂಡಿಯೂರಿ ಆಲಿಕೆ ಹಿಡಿದಿದ್ದರೆ, ಇನ್ನೊಬ್ಬ ಕೆಳಗಿನಿಂದ ಟಿನ್ ಎತ್ತಿಕೊಡುತ್ತಿದ್ದರೆ ಚಿತ್ರಕ್ಕೆ ಒಂದು ಕೆಲಸ ಸಿಕ್ಕಿತು. ಎಂಜಿನ್ನಿನ ಮೇಲೆ ಅರ್ಧ ಸರಿಸಿದ ಕ್ಯಾನ್ವಾಸ್ ಹೊದಿಕೆ, ವಿಮಾನದ ಸುತ್ತ ಮಣ್ಣಿನ ಒಡ್ಡು, ಬಿದಿರಿನ ಗುಡಿಸಲು, ಹಗ್ಗದ ಮೇಲೆ ಒಣಗದ ಬನಿಯನ್ನು, ಎನಾಮೆಲ್ ಮಗ್ಗು. ಸಿಖ್ಖರಿದ್ದರೆ ಪೇಟ ಕಾಣಬೇಕು. ಎಲ್ಲರೂ ಆಕಾಶ ನೋಡುತ್ತಾ ನಿಲ್ಲುವುದು ಬೇಡ. ದುಡಿಯುವವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

ರಾಜಕೀಯ ತಾನಾಗಿ ಬರುತ್ತದೆ, ಅದಕ್ಕೆ ಬೇರೆ ಬಣ್ಣ ಹಚ್ಚಬೇಕಿಲ್ಲ. ಇಂಫಾಲದಿಂದ ಸುಮಾರು 45 ಕಿ.ಮೀ. ದೂರದ ಮೊಯಿರಾಂಗಿನಲ್ಲಿ, ಜಪಾನಿನ ಜೊತೆಗೂಡಿದ್ದ ಆಜಾದ್ ಹಿಂದ್ ಫೌಜು ಏಪ್ರಿಲ್ 14ರಂದು ಬಾವುಟ ಏರಿಸಿತ್ತು. ಎರಡೂ ಕಡೆ ಭಾರತೀಯರೇ. ಹಾಗಾಗಿ ಚಿತ್ರದ ಕೆಳಗೆ ‘ನಮ್ಮವರು’, ‘ಶತ್ರು’ ಎಂದು ಬರೆಯುವ ಮೊದಲು ಎರಡು ಸಲ ಯೋಚಿಸಿ. ಸ್ಕ್ವಾಡ್ರನ್, ಊರು, ತಿಂಗಳು ಬರೆದರೆ ಸಾಕು. ಹೆಸರಿಗೆ ‘ರಾಯಲ್’ ಸೇರಿಸಬೇಡಿ, ಆ ಬಿರುದು ಬಂದದ್ದು 1945ರ ಮಾರ್ಚಿನಲ್ಲಿ, ಹೋದದ್ದು 1950ರ ಜನವರಿ 26ಕ್ಕೆ. ಕೇಸರಿ-ಬಿಳಿ-ಹಸಿರಿನ ಗುಂಡು ಗುರುತನ್ನು 1944ರ ವಿಮಾನಕ್ಕೆ ಅಭಿಮಾನದಿಂದ ಬರೆದವರೂ ಇದ್ದಾರೆ. ಅದೂ ಗಣರಾಜ್ಯದ ದಿನದಿಂದ ಈಚಿನದು. ಜಪಾನಿ ವಿಮಾನವನ್ನು ದೂರದಲ್ಲಿ ತೋರಿಸುವುದಾದರೆ ಬರೀ ಕೆಂಪು ವೃತ್ತ. ಕಿರಣಗಳಿರುವ ಸೂರ್ಯ ಬಾವುಟದ್ದು, ರೆಕ್ಕೆಯದಲ್ಲ.

ಮುಗಿದ ಮೇಲೆ

ಗ್ವಾಷಿಗೆ ವಾರ್ನಿಷ್ ಬೇಡ, ಬಣ್ಣವೆಲ್ಲ ಕಪ್ಪಾಗಿ ಎರಡು ದಿನದ ಲೆಕ್ಕಾಚಾರ ನೀರಿಗೆ ಹೋಗುತ್ತದೆ. ಗಾಜು ಹಾಕಿಸಿ, ಆದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ 3 ಮಿ.ಮೀ. ದಪ್ಪದ ಮೌಂಟ್ ಇರಲಿ. ತಾಗಿದರೆ ಬಣ್ಣ ಗಾಜಿಗೇ ಅಂಟುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆ ಬಡಿಯುವ ಗೋಡೆಗೆ ತೂಗುಹಾಕಬೇಡಿ. ಬೂಷ್ಟು ಮೊದಲು ಹಿಡಿಯುವುದು ಗೋಂದು ಹೆಚ್ಚಾದ ಜಾಗವನ್ನೇ. ಚೌಕಟ್ಟಿನ ಹಿಂದೆ, ಕೆಳಗಿನ ಎರಡು ಮೂಲೆಗಳಿಗೆ ಬಾಟಲಿ ಬೂಚಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.