ಸ್ಕೂಟಿ ಇಲ್ಲದೆ ಕುಶಾಲನಗರದ ಓಡಾಟ

ಕೊಡಗಿಗೆ ರೈಲಿಲ್ಲ. ಹಾಗಾಗಿ ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಸಾಕು, ಎಲ್ಲರೂ ಮೊದಲು ಸ್ಕೂಟಿ ತೆಗೆದುಕೊಳ್ಳುತ್ತಾರೆ. ನಾನು ತೆಗೆದುಕೊಂಡಿಲ್ಲ. ಮನೆ ಮುಳ್ಳುಸೋಗೆ ಕಡೆ, ಕೆಲಸ ಮಡಿಕೇರಿಯಲ್ಲಿ, ನಡುವೆ ಸುಮಾರು 30 ಕಿಲೋಮೀಟರ್. ಅಷ್ಟು ದೂರ ದಿನಾ ಬಸ್ಸಲ್ಲಾ ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಕಾಸು ಸೋರುವುದು ಆ ದೂರದಲ್ಲಿ ಅಲ್ಲ, ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ಆಟೋದಲ್ಲಿ.

ಬಸ್ಸಿನ ವಿಷಯ ಬೇಗ ಮುಗಿಸುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ, ಬೋರ್ಡ್ ನೋಡಿ ಹತ್ತಿ. ನಮ್ಮನೆಯವರು ದುಡ್ಡು ಕೊಟ್ಟೇ ಹೋಗಬೇಕು. 2025ರ ಜನವರಿಯಲ್ಲಿ ದರ ನೂರಕ್ಕೆ 15ರಷ್ಟು ಏರಿದ ಮೇಲೆ ಅವರು ತಿಂಗಳ ಪಾಸ್ ಮಾಡಿಸಿಕೊಂಡರು. ಖಾಸಗಿ ಬಸ್ಸಿನಲ್ಲಿ ನಮಗೂ ಟಿಕೆಟ್ ಇದ್ದೇ ಇದೆ. ಆದರೂ ಫ್ರೀ ಅಂತ ಸುಮ್ನೆ ಗಂಟೆಗಟ್ಟಲೆ ಕಾಯುವುದು ನನಗೆ ಸರಿ ಕಾಣುವುದಿಲ್ಲ, ಮೊದಲು ಬಂದದ್ದಕ್ಕೆ ಹತ್ತುತ್ತೇನೆ. ಶನಿವಾರ, ಭಾನುವಾರ ಮೈಸೂರಿನಿಂದ ಬರುವ ಬಸ್ಸುಗಳು ಟೂರಿಸ್ಟ್‌ಗಳಿಂದ ತುಂಬಿ ಬರುತ್ತವೆ. ಕುಶಾಲನಗರದಿಂದಲೇ ಹೊರಡುವ ಬಸ್ಸುಗಳ ಟೈಮ್ ಕಂಡಕ್ಟರ್ ಹತ್ತಿರ ಕೇಳಿ ಬರೆದಿಟ್ಟುಕೊಂಡರೆ ಸೀಟು ಸಿಗುತ್ತದೆ.

ಈಗ ಸ್ಟ್ಯಾಂಡಿನವರೆಗಿನ ದಾರಿ. ಊರು ಬೆಳೆಯುತ್ತಾ ಬಡಾವಣೆಗಳು ದೂರ ದೂರ ಹೋಗಿವೆ, ನಡೆದರೆ ಬಸ್ ತಪ್ಪುತ್ತದೆ, ಆಟೋ ಹತ್ತಿದರೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪರ್ಸ್ ತೆಗೆಯಬೇಕು. ಅದಕ್ಕೇ ಸೆಕೆಂಡ್ ಹ್ಯಾಂಡ್ ಲೇಡೀಸ್ ಸೈಕಲ್ ತಂದೆ. ಕೊಡಗು ಅಂದರೆ ಬರೀ ಏರು ಇಳಿಜಾರು ಅಂದುಕೊಂಡವರು ಕುಶಾಲನಗರ ನೋಡಿರುವುದಿಲ್ಲ. ಕಾವೇರಿ ಪಕ್ಕದ ಸಪಾಟು ಊರು, ಗೇರ್ ಬೇಕಾಗಿಲ್ಲ. ಅದೇ ಸೈಕಲ್ಲನ್ನು ಮಡಿಕೇರಿಯಲ್ಲಿ ಕೊಟ್ಟರೆ ನಾನು ಮುಟ್ಟುವುದಿಲ್ಲ! ಸ್ಟ್ಯಾಂಡ್ ಹತ್ತಿರ ಪರಿಚಯದ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಿ, ಹಿಂದಿನ ಚಕ್ರವನ್ನೂ ಕಂಬವನ್ನೂ ಸೇರಿಸಿ ಚೈನ್ ಬೀಗ ಹಾಕುತ್ತೇನೆ. ಸೀಟಿಗೊಂದು ಪ್ಲಾಸ್ಟಿಕ್ ಕವರ್ ಕಟ್ಟುತ್ತೇನೆ, ಇಲ್ಲವಾದರೆ ಸಂಜೆ ಒದ್ದೆ ಸ್ಪಂಜಿನ ಮೇಲೆ ಕೂತು ಮನೆಗೆ ಹೋಗಬೇಕು.

ಮಳೆಗಾಲದಲ್ಲಿ ಕೊಡೆ ಹಿಡಿದು ಸೈಕಲ್ ತುಳಿಯಬೇಡಿ. ಉದ್ದದ ಕೋಟೂ ಬೇಡ, ಅದರ ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಶರ್ಟು, ಪ್ಯಾಂಟು ಬೇರೆ ಬೇರೆ ಇರುವ ರೈನ್‌ಕೋಟ್ ತಗೊಳ್ಳಿ. ನೆನೆದ ದಿನ ಚೈನನ್ನು ಹಳೇ ಬಟ್ಟೆಯಲ್ಲಿ ಒರೆಸಿ ನಾಲ್ಕು ಹನಿ ಎಣ್ಣೆ ಹಾಕಬೇಕು, ಇಲ್ಲವಾದರೆ ತುಕ್ಕು ಗ್ಯಾರಂಟಿ. ಕೊಡೆ ಬ್ಯಾಗಿನಲ್ಲಿ ಇರಲಿ, ಅದು ಮಡಿಕೇರಿಗೆ. ಇಲ್ಲಿ ಬಿಸಿಲಿದ್ದರೂ ಸುಂಟಿಕೊಪ್ಪ ದಾಟಿ ಬೋಯಿಕೇರಿ ಬರುವಷ್ಟರಲ್ಲಿ ಗಾಜಿನ ಮೇಲೆ ಹನಿ ಬಿದ್ದಿರುತ್ತದೆ. ಮಡಿಕೇರಿಯಲ್ಲಿ ನಾನು ಎಲ್ಲ ಕಡೆ ನಡೆದೇ ಹೋಗುತ್ತೇನೆ. ಶುಕ್ರವಾರ ಸಂತೆ ದಿನವಂತೂ ನಡೆಯುವವರೇ ಬೇಗ ಮುಟ್ಟುತ್ತಾರೆ.

ಆಟೋ ಪೂರ್ತಿ ಬಿಟ್ಟಿಲ್ಲ. ಮಂಗಳವಾರ ನಮ್ಮೂರ ಸಂತೆಯಿಂದ ಚೀಲ ಹೊತ್ತು ಬರುವಾಗ ನಾವು ಅಕ್ಕಪಕ್ಕದ ಮನೆಯವರು ಮೂವರು ಸೇರಿ ಒಂದು ಆಟೋ ಮಾಡುತ್ತೇವೆ. ಬಾಡಿಗೆ ಇಳಿಸಿ ಖಾಲಿ ವಾಪಸ್ ಹೋಗುವ ಆಟೋ ಕಂಡರೆ, "ಅಣ್ಣಾ, ಸ್ಟ್ಯಾಂಡ್ ಕಡೆನಾ? ಎಷ್ಟು ಕೊಡ್ಲಿ?" ಅಂತ ಹತ್ತುವ ಮೊದಲೇ ಕೇಳುತ್ತೇನೆ. ಸುಮಾರು ಜನ ಕಡಿಮೆಗೆ ಬರುತ್ತಾರೆ. ಸೇತುವೆ ದಾಟಿದರೆ ಕೊಪ್ಪ, ಅದು ಮೈಸೂರು ಜಿಲ್ಲೆ. ಅಲ್ಲಿಂದ ಮುಂದೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ನೆಂಟರನ್ನು ಕರೆದೊಯ್ಯುವಾಗ ಶೇರ್ ಆಟೋ ಸಾಕು.

ರಾತ್ರಿ ಲೇಟಾದರೆ ಸೈಕಲ್ಲಿಗೆ ಹಿಂದೆ ಕೆಂಪು ಲೈಟು ಇರಲೇಬೇಕು, ಹೆದ್ದಾರಿ ಅಂಚಿನಲ್ಲಿ ಕಾರುಗಳು ಜೋರಾಗಿ ಬರುತ್ತವೆ. ಬಡಾವಣೆಯ ಒಳಗೆ ಬೇರೆ ಕಾಟ, ನಾಯಿಗಳು. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ಮೆಲ್ಲಗೆ ತಳ್ಳಿಕೊಂಡು ಹೋಗಿ. ನಮ್ಮ ಬೀದಿಯವು ಅಷ್ಟಕ್ಕೇ ಸುಮ್ಮನಾಗುತ್ತವೆ.